ಖಾಲಿ ರೇಕಿಗೂ ದಾರಿ ಬೇಕು

ನಿವೃತ್ತನಾಗಿ ದಾವಣಗೆರೆಗೆ ಮರಳಿದ ಮೇಲೆ, ಒಂದು ಸಂಜೆ ಹರಿಹರಕ್ಕೆ ಹೋಗಲು ನಿಲ್ದಾಣದಲ್ಲಿ ಕಾಯುತ್ತಿದ್ದಾಗ, ಬಾಗಿಲು ಹಾಕಿದ್ದ ಖಾಲಿ ರೇಕೊಂದು, ಅಂದರೆ ಒಟ್ಟಿಗೆ ಜೋಡಿಸಿದ ಬೋಗಿಗಳ ಸಾಲು, ನಿಲ್ಲದೆ ಸಾಗಿತು. ಜೊತೆಗಿದ್ದ ತಂಗಿಯ ಮಗ ಕೇಳಿದ: “ಮಾಮ, ಇಷ್ಟ್ ಬೋಗಿ ಖಾಲಿ ಹೊಂಟಾವಲ್ಲ, ನಮ್ಮನ್ನ ಹತ್ತಿಸ್ಕೆಂಡಿದ್ರೆ ಏನಾಗ್ತಿತ್ತು?”

ರೈಲ್ವೆಯಲ್ಲಿ ಬೆಂಗಳೂರಿನ ಸುತ್ತಲಿನ ಪ್ಯಾಸೆಂಜರ್ ಗಾಡಿಗಳಿಗೆ ರೇಕ್ ಲಿಂಕ್ (ಯಾವ ರೇಕು ಯಾವ ಗಾಡಿಯಾಗಿ ಓಡಬೇಕೆಂಬ ಪಟ್ಟಿ) ಹಾಕುತ್ತಿದ್ದ ನನಗೆ ಇದು ಹಳೆಯ ಪ್ರಶ್ನೆ. ಬೆಳಗ್ಗೆ ಮಾರಿಕುಪ್ಪಂ, ಬಂಗಾರಪೇಟೆ, ತುಮಕೂರುಗಳಿಂದ ಜನರೆಲ್ಲ ಬೆಂಗಳೂರಿನತ್ತಲೇ ಬರುವುದರಿಂದ, ಕಚೇರಿಯ ಹೊತ್ತು ಮುಗಿಯುವಷ್ಟರಲ್ಲಿ ರೇಕುಗಳೆಲ್ಲ ನಗರದಲ್ಲೇ ಸೇರಿಕೊಳ್ಳುತ್ತವೆ. ದೂರದ ಗಾಡಿಗಳಿಗೂ ಬೇಕಾದ ಪ್ಲಾಟ್‌ಫಾರಂನಲ್ಲಿ ಅವನ್ನು ಸಂಜೆಯವರೆಗೆ ನಿಲ್ಲಿಸಿಕೊಳ್ಳಲಾಗದು. ಹತ್ತೇ ಜನರಿದ್ದರೂ ಪ್ರಯಾಣಿಕರ ಗಾಡಿಯಾಗಿಯೇ ಹಿಂದಕ್ಕೆ ಕಳಿಸುವುದು ನನ್ನ ಮೊದಲ ಆಯ್ಕೆಯಾಗಿತ್ತು. ಆದರೆ ಪ್ರತಿ ನಿಲುಗಡೆಯೂ ಬ್ರೇಕ್ ಹಾಕಿ ಮತ್ತೆ ವೇಗ ಹಿಡಿಯುವುದು ಸೇರಿ ಕೆಲವು ನಿಮಿಷ ನುಂಗುತ್ತದೆ. ಹಳಿಯ ಒಂದು ಭಾಗದಲ್ಲಿ, ಅಂದರೆ ಒಂದು ಬ್ಲಾಕ್ ಸೆಕ್ಷನ್‌ನಲ್ಲಿ, ಒಂದೇ ಗಾಡಿ ಇರಬೇಕೆಂಬ ಕಡೆ, ಆ ನಿಮಿಷಗಳನ್ನು ಹಿಂದೆ ಬರುತ್ತಿರುವ ಎಕ್ಸ್‌ಪ್ರೆಸ್ ತೆರಬೇಕಾಗುತ್ತದೆ. ಆಗ ನಿಲ್ಲದೆ ಓಡುವ ಖಾಲಿ ರೇಕೇ ಮೇಲು. ಜನರ ವೇಳಾಪಟ್ಟಿಯಲ್ಲಿ ಅದರ ಹೆಸರಿಲ್ಲ. ಗಾಡಿಗಳ ಓಟವನ್ನು ಗೆರೆಗಳಾಗಿ ಎಳೆಯುವ ಕಂಟ್ರೋಲ್ ಚಾರ್ಟಿನಲ್ಲಿ ಮಾತ್ರ ಅದರ ಓರೆಗೆರೆಯೂ ಉಳಿದವುಗಳಷ್ಟೇ ಜಾಗ ತಿನ್ನುತ್ತದೆ. ಎರಡೂ ತುದಿಯಲ್ಲಿ ಚಾಲಕನ ಕ್ಯಾಬ್ ಇರುವ ವಿದ್ಯುತ್ ಗಾಡಿ ಮೆಮು ಬಂದ ಹಾಗೆಯೇ ತಿರುಗಿ ಹೊರಡಬಲ್ಲದು; ಎಂಜಿನ್ ಗಾಡಿಯಾದರೆ ಎಂಜಿನ್ ಕಳಚಿ, ಇನ್ನೊಂದು ಹಳಿಯಿಂದ ಸುತ್ತಿಸಿ ತಂದು ಜೋಡಿಸಿ, ಬ್ರೇಕ್ ಪರೀಕ್ಷಿಸುವವರೆಗೂ ಕಾಯಬೇಕು.

ಖಾಲಿ ಓಟ ತಪ್ಪಿಸಲು ಗಾಡಿಯನ್ನು ಜನ ಏಳುವ ಊರಿನಲ್ಲೇ ಮಲಗಿಸಬೇಕು. ಜಗಳೂರು ಕಡೆಯ ಹಳ್ಳಿಯಲ್ಲಿ ರಾತ್ರಿ ಉಳಿದು ಬೆಳಗ್ಗೆ ದಾವಣಗೆರೆಗೆ ಬರುವ ನೈಟ್ ಹಾಲ್ಟ್ ಬಸ್ಸಿನದೂ ಇದೇ ಲೆಕ್ಕ. ಈ ಲೆಕ್ಕವನ್ನೇ ಅತಿಯಾಗಿ ನಂಬಿ ನಾನೊಮ್ಮೆ ಎಡವಿದ್ದೆ. ನಸುಕಿನ ಖಾಲಿ ಓಟವೊಂದನ್ನು ಉಳಿಸಲು ಸಣ್ಣ ನಿಲ್ದಾಣವೊಂದರ ಲೂಪ್ ಲೈನಿನಲ್ಲಿ (ಮುಖ್ಯ ಹಳಿಯ ಪಕ್ಕದ ಹಳಿಯಲ್ಲಿ) ರಾತ್ರಿಯಿಡೀ ರೇಕು ನಿಲ್ಲಿಸಿದೆ. ಎದುರು ಗಾಡಿಗೆ ದಾರಿ ಬಿಡುವ ಕ್ರಾಸಿಂಗ್‌ಗೆ ಲೂಪ್ ಸಿಗದೆ ಗೂಡ್ಸ್ ಗಾಡಿ ಹಿಂದಿನ ನಿಲ್ದಾಣದಲ್ಲೇ ಉಳಿಯಿತು. ಬೋಗಿಗಳಿಗೆ ನೀರು ತುಂಬಿಸುವ ವ್ಯವಸ್ಥೆ ಅಲ್ಲಿರಲಿಲ್ಲ. ಸಿಬ್ಬಂದಿ ಮಲಗುವ ರನ್ನಿಂಗ್ ರೂಮ್ ಇಲ್ಲದ್ದರಿಂದ ಲೋಕೊ ಪೈಲಟ್ ಮತ್ತು ಗಾರ್ಡ್ ಇಬ್ಬರನ್ನೂ ವಿಶ್ರಾಂತಿಗೆ ಬೇರೆ ಊರಿಗೆ ಕಳಿಸಿ, ನಸುಕಿನಲ್ಲಿ ಮತ್ತೆ ಕರೆತರಬೇಕಾಯಿತು. ಮುಂದಿನ ಲಿಂಕಿನಲ್ಲಿ ನೀರೂ ರನ್ನಿಂಗ್ ರೂಮೂ ಇದ್ದ ದೊಡ್ಡ ನಿಲ್ದಾಣಕ್ಕೆ ಆ ರೇಕನ್ನು ಸಾಗಿಸಿ, ಉಳಿಸಲು ಹೊರಟಿದ್ದ ಖಾಲಿ ಓಟವನ್ನು ನಾನೇ ಚಾರ್ಟಿನಲ್ಲಿ ಮತ್ತೆ ಎಳೆದೆ.