ನರ್ಸಿಂಗ್ ಮಕ್ಕಳಿಗೆ ಸಿಮ್ಯುಲೇಶನ್‌ನಲ್ಲಿ ಕೇಸ್ ಕಲಿಸುವುದು ಹೇಗೆ?

ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಗೋ ಗದಗ, ಹಾವೇರಿಯ ಜಿಲ್ಲಾಸ್ಪತ್ರೆಗೋ ಪೋಸ್ಟಿಂಗ್ ಹೋದ ವಿದ್ಯಾರ್ಥಿಗೆ ವಾರ್ಡಿನಲ್ಲಿ ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶ ಇರುವುದಿಲ್ಲ. ಆ ಅವಕಾಶ ಲ್ಯಾಬಿನಲ್ಲೇ, ಸಿಮ್ಯುಲೇಶನ್ ಅಂದರೆ ನಿಜ ರೋಗಿಯಿಲ್ಲದೆ ನಟಿಸಿ ಕಲಿಯುವ ಅಭ್ಯಾಸದಲ್ಲಿ ಸಿಗಬೇಕು. ಅದಕ್ಕೇ ಮ್ಯಾನಿಕಿನ್ (ರೋಗಿಯ ಬದಲಿಗೆ ಬಳಸುವ ಆಳೆತ್ತರದ ಗೊಂಬೆ) ಕಪಾಟಿನಲ್ಲಿ ಕೂತಿದ್ದರೆ ನನಗೆ ಸಂಕಟವಾಗುತ್ತದೆ.

ಮೊದಲು ಕೈಗೆ ರೂಢಿಯಾಗಲಿ. ಪ್ಲಾಸ್ಟಿಕ್ ತೋಳಿಗೆ ಕ್ಯಾನುಲಾ (ರಕ್ತನಾಳಕ್ಕೆ ಔಷಧ ಕೊಡುವ ಸಣ್ಣ ನಳಿಕೆ) ಹಾಕಿಸಿ, ಸಿಪಿಆರ್, ಅಂದರೆ ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವುದನ್ನು ಮಾಡಿಸಿ. ಎದೆ 5ರಿಂದ 6 ಸೆಂ.ಮೀ. ಒಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಬೇಕು. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಆಗ ಇನ್ನೊಬ್ಬರು ಬರಲಿ.

ಆಮೇಲೆ ಕೇಸ್ ಕಟ್ಟಿ. ನಮ್ಮ ಕಡೆಯದೇ ಇರಲಿ. ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ಎಣ್ಣೆ, ಅಂದರೆ ಕೀಟನಾಶಕ ಹೊಡೆಯುವಾಗ ತಲೆ ತಿರುಗಿ ಬಿದ್ದ ರೈತ ಅಂದುಕೊಳ್ಳಿ, ಅದರಲ್ಲಿದ್ದ ಆರ್ಗನೋಫಾಸ್ಫೇಟ್ ಅನ್ನುವ ವಿಷ ಮೈಗೆ ತಾಗಿದೆ. ಮ್ಯಾನಿಕಿನ್‌ಗೆ ಹಳೆ ಅಂಗಿ ತೊಡಿಸಿ ಒದ್ದೆ ಮಾಡಿ, ಬಾಯಿಯ ಹತ್ತಿರ ಸೋಪಿನ ನೀರು ಸವರಿ. ಒಬ್ಬ ವಿದ್ಯಾರ್ಥಿ ರೈತನ ತಮ್ಮನಾಗಿ ಗಾಬರಿಯಿಂದ ಮಾತಾಡಲಿ: "ಸಿಸ್ಟರ್, ಮುಂಜಾನಿ ಎಣ್ಣಿ ಹೊಡಿಲಿಕ್ಕೆ ಹೋಗಿದ್ದರೀ, ಈಗ ಮೈಯೆಲ್ಲಾ ಬೆವರಾಕತ್ತೈತ್ರೀ!" ಪುಸ್ತಕದ ಕನ್ನಡ ಬೇಡ, ಕ್ಯಾಶುವಾಲ್ಟಿಗೆ ಬರುವ ಜನ ಹೀಗೇ ಮಾತಾಡುತ್ತಾರೆ ಅಲ್ವಾ?

ಎಲ್ಲ ಮಾಹಿತಿ ಮೊದಲೇ ಕೊಡಬೇಡಿ. ಟಾರ್ಚ್ ಹಿಡಿದು ಕಣ್ಣು ನೋಡಿದರೆ ಮಾತ್ರ "ಪಾಪೆ ಸೂಜಿಮೊನೆಯಷ್ಟಿದೆ" ಅನ್ನುವ ಚೀಟಿ ಕೊಡಿ, ನಾಡಿ ಹಿಡಿದರೆ ಮಾತ್ರ "48" ಅನ್ನಿ. ಯಾರೂ ನೋಡದಿದ್ದರೆ ಸುಮ್ನೆ ಇರಿ. ಗ್ಲೌಸ್ ಹಾಕಿಕೊಂಡರಾ, ಅಂಗಿ ಕತ್ತರಿಸಿ ತೆಗೆದು ಸೋಪು ನೀರಿನಲ್ಲಿ ಮೈ ತೊಳೆದರಾ, ಸಕ್ಷನ್ (ಬಾಯಿ, ಗಂಟಲಿನ ಜೊಲ್ಲು ಎಳೆಯುವ ಯಂತ್ರ), ಆಕ್ಸಿಜನ್ ಕೇಳಿದರಾ ಗಮನಿಸಿ. ಡಾಕ್ಟರ್ ಪಾತ್ರದವರು ಈ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್ 1.8 ಮಿ.ಗ್ರಾಂ ಹೇಳಲಿ. ಆಂಪೂಲ್ ಮೇಲೆ 0.6 ಮಿ.ಗ್ರಾಂ ಅಂತ ಇದ್ದರೆ ಮೂರು ಒಡೆಯಬೇಕು, ಈ ಸಣ್ಣ ಲೆಕ್ಕ ಗದ್ದಲದ ನಡುವೆ ತಪ್ಪುತ್ತದೆ, ಹಾಗಾಗಿ ಡೋಸನ್ನು ಬಾಯಿಬಿಟ್ಟು ತಿರುಗಿ ಹೇಳಿ ಖಚಿತ ಮಾಡಿಕೊಳ್ಳುವ ರೂಢಿ ಇಲ್ಲೇ ಹತ್ತಬೇಕು. ಔಷಧ ಕೊಟ್ಟ ಮೇಲೆ ಪಾಪೆ ದೊಡ್ಡದಾಗಲಿ ಅಂತ ಕಾಯುತ್ತಾ ಕೂರಬಾರದು, ಎದೆಯ ಗೊರಗೊರ ಕಡಿಮೆಯಾಯಿತಾ, ನಾಡಿ 80 ದಾಟಿತಾ ಅಂತ ನೋಡಬೇಕು.

ಕೇಸ್ ಹತ್ತು ನಿಮಿಷ ಸಾಕು. ನಡುವೆ ಬಾಯಿ ಹಾಕಬೇಡಿ.

ಜಾಸ್ತಿ ಹೊತ್ತು ಬೇಕಾಗುವುದು ಆಮೇಲಿನ ಮಾತುಕತೆಗೆ. ನನ್ನ ಮಟ್ಟಿಗೆ ಅರ್ಧ ಕಲಿಕೆ ಅಲ್ಲೇ ಇದೆ, ಆದರೆ ಅದನ್ನೇ ನಾವು ಗಡಿಬಿಡಿಯಲ್ಲಿ ಮುಗಿಸಿಬಿಡುತ್ತೇವೆ. ಎಲ್ಲರನ್ನೂ ಸುತ್ತ ಕೂರಿಸಿ. "ಯಾಕೆ ಹೀಗೆ ಮಾಡಿದಿ?" ಅಂತ ಗದರಿದರೆ ಮಕ್ಕಳು ಬಾಯಿ ಬಿಡುವುದಿಲ್ಲ. "ಆಗ ನಿನಗೆ ಏನು ಕಾಣಿಸ್ತು? ಏನು ಅಂದುಕೊಂಡಿ?" ಅಂತ ಕೇಳಿ. ಅಂಗಿ ತೆಗೆಯಲು ಮರೆತವಳು, ತಮ್ಮನ ಕೂಗಾಟಕ್ಕೆ ಗಾಬರಿಯಾಯಿತು ಅಂತ ತಾನೇ ಹೇಳುತ್ತಾಳೆ. ಹಾಗಾದರೆ ಆ ಹೊತ್ತಿಗೆ ಸಂಬಂಧಿಕರನ್ನು ಪಕ್ಕಕ್ಕೆ ಕರೆದೊಯ್ಯುವ ಕೆಲಸ ಯಾರದು ಅಂತ ಗುಂಪೇ ತೀರ್ಮಾನಿಸಲಿ. ಇಲ್ಲಿ ಅಂಕ ಕೊಡಬೇಡಿ, ನಡೆದದ್ದನ್ನು ಕಾರಿಡಾರಿನಲ್ಲಿ ಆಡಿ ನಗುವುದಿಲ್ಲ ಅಂತ ಶುರುವಿನಲ್ಲೇ ಎಲ್ಲರಿಂದ ಮಾತು ತೆಗೆದುಕೊಳ್ಳಿ.

ಕೊನೆಗೆ ಅದೇ ಕೇಸನ್ನು ಅದೇ ದಿನ ಪಾತ್ರ ಬದಲಿಸಿ ಇನ್ನೊಮ್ಮೆ ಮಾಡಿಸಿ. ಮೊದಲ ಸಲ ತಮ್ಮನಾಗಿದ್ದವನು ಈಗ ಅಟ್ರೋಪಿನ್ ತುಂಬಲಿ.