ಮೊದಲ ಜೆಟ್ಟಿಗೆ ಮೋಟಾರು, ಇಎಸ್‌ಸಿ, ಬ್ಯಾಟರಿ ಹೊಂದಿಸಿದ್ದು: ನನ್ನ ಅನುಭವ

ಫೋಮ್ ಬೋರ್ಡಿನ ರಿಮೋಟ್ ಮಾಡೆಲ್ ಜೆಟ್ಟಿಗೆ ಇಡಿಎಫ್ (ಕೊಳವೆಯೊಳಗೆ ತಿರುಗುವ ವಿದ್ಯುತ್ ಫ್ಯಾನ್) ಹಾಕಿದರೆ ಕೈಬಿಟ್ಟ ಕೂಡಲೇ ನೆಲ ಕಚ್ಚುತ್ತದೆ, ಹಿಂದುಗಡೆ ಪ್ರೊಪೆಲ್ಲರ್ ಸಿಕ್ಕಿಸಿ ಹಾರಿಸು ಅಂತ ಮೈಸೂರಿನ ಹಳಬರು ಹೇಳುತ್ತಲೇ ಇದ್ದರು. ಬ್ಯಾಟರಿ ಸೇರಿ 1,320 ಗ್ರಾಂ ತೂಗುವ ನನ್ನ ಜೆಟ್ ಈಗ ಮಂಡ್ಯದ ಕಡೆಯ ಕುಯ್ದ ಗದ್ದೆಗಳಲ್ಲಿ ಕೈಯಿಂದಲೇ ಏಳುತ್ತದೆ. ಮೂವತ್ತು ಹಾರಾಟವಾದರೂ ಆಗಿದೆ. ಕೆವಿ (ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಂಕಿ) ನೋಡಿ ಮೋಟಾರು ಆರಿಸುವುದನ್ನು ಬಿಟ್ಟು, ಬ್ಯಾಟರಿ ನಿಜವಾಗಿ ಎಷ್ಟು ಆಂಪ್ಸ್ ಕೊಡುತ್ತದೆ ಎಂಬಲ್ಲಿಂದ ಲೆಕ್ಕ ಹಿಡಿದ ಮೇಲೆ ದಾರಿ ಸಿಕ್ಕಿತು.

ಮೊದಲ ಸೆಟ್ 64 ಎಂಎಂ ಫ್ಯಾನ್, 3ಎಸ್ 2200 (ಮೂರು ಸೆಲ್ಲಿನ, 2200 ಎಂಎಎಚ್) ಬ್ಯಾಟರಿ, 40 ಆಂಪ್ಸ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್). ವಾಟ್ ಮೀಟರಿನಲ್ಲಿ ಫುಲ್ ಥ್ರಾಟಲ್‌ಗೆ 41 ಆಂಪ್ಸ್ ಬಂತು. 25ಸಿ (ಸಾಮರ್ಥ್ಯದ 25 ಪಟ್ಟು ಕರೆಂಟ್) ಅಂತ ಬರೆದಿದ್ದ ಬ್ಯಾಟರಿ 12.6ರಿಂದ ಹತ್ತೇ ಸೆಕೆಂಡಿಗೆ 9.7 ವೋಲ್ಟ್‌ಗೆ ಕುಸಿಯಿತು. ಥ್ರಸ್ಟ್ (ಮುಂದೂಡುವ ಬಲ) ಸುಮಾರು 700 ಗ್ರಾಂ, ವಿಮಾನದ ತೂಕ 950. ಕಬ್ಬಿನ ಗದ್ದೆಗೆ ನುಗ್ಗಿದ ಆ ಜೆಟ್ ಹುಡುಕಲು ಒಂದು ಸಂಜೆಯೇ ಹೋಯಿತು. ಲೇಬಲ್ಲಿನ ಸಿ ರೇಟಿಂಗನ್ನು ಅರ್ಧ ಎಂದೇ ಹಿಡಿಯಿರಿ.

ಆಮೇಲೆ 70 ಎಂಎಂ, 12 ಬ್ಲೇಡ್, 4ಎಸ್. ಹಣ ಉಳಿಸೋಣವೆಂದು 60 ಆಂಪ್ಸ್ ಇಎಸ್‌ಸಿ ಹಾಕಿದ್ದೇ ತಪ್ಪು. ಫ್ಯಾನ್ ಎಳೆಯುವುದೇ 63. ಅದರ ಮೇಲೆ ಬ್ಯಾಟರಿ ಮೂತಿಯಲ್ಲಿ, ಇಎಸ್‌ಸಿ ಬಾಲದ ಹತ್ತಿರ. ನಡುವಿನ ಬ್ಯಾಟರಿ ವೈರನ್ನು 25 ಸೆಂ.ಮೀ. ಉದ್ದ ಮಾಡಿದ್ದೆ. ಬ್ಯಾಟರಿ ಕಡೆ ವೈರ್ ಉದ್ದವಾದಷ್ಟೂ ವೋಲ್ಟೇಜ್ ಸ್ಪೈಕ್ ಜಾಸ್ತಿ, ಇಎಸ್‌ಸಿಯ ಕೆಪಾಸಿಟರ್ ಕಾದು ಉಬ್ಬುತ್ತದೆ, ಹಿಂದೆಯೇ ಅದರ ಎಫ್‌ಇಟಿ (ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್) ಸುಡುತ್ತದೆ. ಹತ್ತಿರ ಹತ್ತಿರ ₹3,000 ಹೋಯಿತು. ಈಗ 80 ಆಂಪ್ಸ್ ಇಎಸ್‌ಸಿ ಬ್ಯಾಟರಿಯ ಪಕ್ಕದಲ್ಲಿ, ಡಕ್ಟಿನ (ಫ್ಯಾನಿನ ಗಾಳಿ ಹರಿಯುವ ಕೊಳವೆಯ) ಗಾಳಿ ನೇರ ಹೀಟ್‌ಸಿಂಕಿಗೆ ಬಡಿಯುವ ಹಾಗೆ ಕೂತಿದೆ. ಉದ್ದ ಮಾಡಬೇಕಾದರೆ ಮೋಟಾರಿನ ಮೂರು ವೈರ್ ಉದ್ದ ಮಾಡಿ. ಬ್ಯಾಟರಿ ವೈರನ್ನೇ ಎಳೆಯಬೇಕಾಗಿ ಬಂದರೆ ಪ್ರತಿ 10 ಸೆಂ.ಮೀ.ಗೆ 220 ಮೈಕ್ರೋಫ್ಯಾರಡ್, 35 ವೋಲ್ಟ್, ಲೋ ಇಎಸ್‌ಆರ್ (ಒಳರೋಧ ಕಡಿಮೆಯ) ಕೆಪಾಸಿಟರ್ ಒಂದನ್ನು ಇಎಸ್‌ಸಿ ಬುಡದಲ್ಲೇ ಬೆಸುಗೆ ಹಾಕಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಎಕ್ಸ್‌ಟಿ60 ಕನೆಕ್ಟರ್ ಈ ಕರೆಂಟಿಗೆ ಬಿಸಿಯಾಗುತ್ತದೆ, ಎಕ್ಸ್‌ಟಿ90 ಹಾಕಿದೆ.

ಲೀನಿಯರ್ ಬಿಇಸಿ (ಬ್ಯಾಟರಿ ವೋಲ್ಟೇಜ್ ಇಳಿಸಿ ರಿಸೀವರ್, ಸರ್ವೋಗಳಿಗೆ ಕೊಡುವ ಸರ್ಕ್ಯೂಟ್) 4ಎಸ್‌ನಲ್ಲಿ ಬೇಡವೇ ಬೇಡ. ನಾಲ್ಕು ಸರ್ವೋ (ರೆಕ್ಕೆ, ಬಾಲದ ಪಟ್ಟಿ ತಿರುಗಿಸುವ ಪುಟ್ಟ ಮೋಟಾರು) ಒಟ್ಟಿಗೆ ತಿರುಗಿದರೆ ರಿಸೀವರ್ ಸತ್ತು ಏಳುತ್ತದೆ. 5 ವೋಲ್ಟ್ 5 ಆಂಪ್ಸ್ ಯುಬಿಇಸಿ (ಸ್ವಿಚಿಂಗ್ ಬಗೆಯ ಬಿಇಸಿ) ಬೇರೆಯೇ ಹಾಕಿ, ಇಎಸ್‌ಸಿ ಪ್ಲಗ್ಗಿನ ಕೆಂಪು ಪಿನ್ ಹೊರಗೆಳೆದು ಟೇಪ್ ಸುತ್ತಿ. ಸರ್ವೋ ಲೋಹದ ಗೇರಿನ ಎಂಜಿ90ಎಸ್. ಪ್ಲಾಸ್ಟಿಕ್ ಗೇರಿನವು ಇಳಿಯುವಾಗಿನ ಒಂದು ಕುಲುಕಿಗೇ ಹಲ್ಲು ಉದುರಿಸಿಕೊಳ್ಳುತ್ತವೆ.

ಥ್ರಸ್ಟ್ ಅಳೆಯಲು ಫ್ಯಾನನ್ನು ಬಾಯಿ ಕೆಳಗೆ ಮಾಡಿ ಅಡುಗೆಮನೆ ತಕ್ಕಡಿ ಮೇಲೆ ನಿಲ್ಲಿಸಿದರೆ ಗಾಳಿ ಸಿಗದೆ ಸುಳ್ಳು ಲೆಕ್ಕ ಬರುತ್ತದೆ. ಎಲ್ ಆಕಾರದ ಮರದ ತೋಳು ಮಾಡಿ ಒತ್ತಡವನ್ನಷ್ಟೇ ತಕ್ಕಡಿಗೆ ಕೊಟ್ಟೆ: ಬರೀ ಫ್ಯಾನ್ 1,650 ಗ್ರಾಂ, ಬಾಡಿಯೊಳಗೆ ಕೂರಿಸಿದ ಮೇಲೆ 1,280. ಅಷ್ಟು ನಷ್ಟ ಡಕ್ಟಿನದು. 70 ಎಂಎಂ ಫ್ಯಾನಿನಲ್ಲಿ ನಡುವಿನ 30 ಎಂಎಂ ಹಬ್ ಕಳೆದರೆ ಗಾಳಿ ಹಾಯುವ ಜಾಗ ಸುಮಾರು 31 ಚದರ ಸೆಂ.ಮೀ. ಓಎಚ್‌ಪಿ (ಪಾರದರ್ಶಕ ಪ್ಲಾಸ್ಟಿಕ್) ಶೀಟ್ ಸುರುಳಿ ಸುತ್ತಿ, ಗಾಳಿ ಹೊರಬೀಳುವ ಬಾಲದ ತುದಿಗೆ 55, 59, 64 ಎಂಎಂ ನಳಿಗೆ ಮೂರನ್ನೂ ಹಚ್ಚಿ ನೋಡಿದೆ. 55ರಲ್ಲಿ ಸದ್ದು ಜೋರು, ಗಾಳಿಯ ವೇಗ ಜೋರು, ಆದರೆ ಕೈಬಿಟ್ಟಾಗ ಎತ್ತುವ ಶಕ್ತಿ ಇಲ್ಲ. 64ರಲ್ಲಿ ಚೆನ್ನಾಗಿ ಏಳುತ್ತದೆ, ಮೇಲೆ ಹೋದ ಮೇಲೆ ಮಂಕು. 59 ಉಳಿಸಿಕೊಂಡೆ, ಅಂದರೆ ಹಾಯುವ ಜಾಗದ ಶೇ. 87. ಇನ್‌ಟೇಕ್ ತುಟಿಯನ್ನು ಉರುಟು ಮಾಡಿ, ಫ್ಯಾನಿಗೆ ಹೆಚ್ಚು ಗಾಳಿ ಸಿಗಲೆಂದು ಹೊಟ್ಟೆಯಡಿ ಒಂದು ತೂತು ಕೊಯ್ದ ಮೇಲೆ 1,450ಕ್ಕೆ ಏರಿತು. ಆ ತುಟಿಯ ಅಚ್ಚು ಹೇಗೆ ತೆಗೆದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮಾರುವವರ ಪಟ್ಟಿಯಲ್ಲಿ ಈ ಫ್ಯಾನಿನ ಥ್ರಸ್ಟ್ 1,900 ಗ್ರಾಂ ಅಂತಿತ್ತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ಗಾಳಿ ತೆಳು. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು. ಬೆಳಿಗ್ಗೆ ಏಳಕ್ಕೂ ಮಧ್ಯಾಹ್ನ ಎರಡಕ್ಕೂ ಇರುವ ವ್ಯತ್ಯಾಸ ಎಸೆಯುವ ಕೈಗೇ ಗೊತ್ತಾಗುತ್ತದೆ.

ಖರ್ಚು ನೆನಪಿದ್ದಷ್ಟು: ಫ್ಯಾನ್ ಮೋಟಾರು ಸೇರಿ ₹4,000, ಇಎಸ್‌ಸಿ ₹3,800, 4ಎಸ್ 2200 ಬ್ಯಾಟರಿ ಎರಡಕ್ಕೆ ₹5,500, ಸರ್ವೋ, ಯುಬಿಇಸಿ ಎಲ್ಲ ₹1,500. ಸುಟ್ಟದ್ದು, ಮುರಿದದ್ದು ಬೇರೆ. 6ಎಸ್‌ಗೆ ಹೋಗು ಅಂದವರಿದ್ದಾರೆ. ಬ್ಯಾಟರಿ ತೂಕ ಏರಿ ಇಳಿಯುವ ವೇಗವೂ ಏರುತ್ತದೆ, ಮೊದಲ ಜೆಟ್ಟಿಗೆ ಬೇಡ.

ಟೈಮರ್ ಎರಡೂವರೆ ನಿಮಿಷಕ್ಕೆ ಇಟ್ಟಿದ್ದೇನೆ. ಸರಾಸರಿ 38 ಆಂಪ್ಸ್, ಇಳಿಸಿದಾಗ ಸೆಲ್ಲಿಗೆ 3.7 ವೋಲ್ಟ್ ಉಳಿದಿರುತ್ತದೆ. ಪ್ರೊಪೆಲ್ಲರ್ ವಿಮಾನದ ಹಾಗೆ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಮೇಲೆ ಇಲ್ಲಿ ಗಾಳಿ ಬೀಳುವುದಿಲ್ಲ, ಹಾಗಾಗಿ ಎಸೆದ ಮೇಲೆ ಎರಡು ಸೆಕೆಂಡ್ ಕಡ್ಡಿ ಹಿಂದಕ್ಕೆಳೆಯದೆ ವೇಗ ಕೂಡಲು ಬಿಡಬೇಕು. ಇಳಿಸುವಾಗ ಥ್ರಾಟಲ್ ಪೂರ್ತಿ ಮುಚ್ಚಬೇಡಿ. ಫ್ಯಾನ್ ಮತ್ತೆ ವೇಗ ಹಿಡಿಯುವಷ್ಟರಲ್ಲಿ ಬದು ಎದುರಿಗೇ ಬಂದಿರುತ್ತದೆ.