ಉಪ್ಪುಗಾಳಿಯ ಊರಲ್ಲಿ ಹಳೇ ಪಿಕಪ್‌ಗೆ ಎಂಥ ಟೂಲ್ಸ್?

ಕಾರವಾರದ ಉಪ್ಪುಗಾಳಿಗೆ ಹಳೇ ಬೊಲೆರೊ ಪಿಕಪ್‌ನ ಅಡಿಭಾಗದ ಬೋಲ್ಟ್‌ಗಳು ಬೇಗ ತುಕ್ಕು ಹಿಡಿಯುತ್ತವೆ. ಹಾಗಾಗಿ ಮೊದಲ ದುಡ್ಡು ಸಾಕೆಟ್ ಸೆಟ್‌ಗೇ (ನಟ್ಟಿನ ಮೇಲೆ ಟೋಪಿಯಂತೆ ಕೂರುವ ಪಾನಾಗಳು) ಹಾಕಿ. ಅರ್ಧ ಇಂಚಿನ ಡ್ರೈವ್ (ಹಿಡಿ ಸೇರುವ ಚೌಕ ತೂತು), ಸಾಕೆಟ್ ಒಳಗೆ 6 ಮೂಲೆಯದ್ದೇ ಇರಲಿ. 12 ಮೂಲೆಯದ್ದು ತುಕ್ಕು ತಿಂದ ನಟ್ಟಿನ ಮೇಲೆ ಜಾರಿ, ಅದರ ಮೂಲೆ ಸವೆಸಿಬಿಡುತ್ತದೆ. ಜೊತೆಗೊಂದು ಬ್ರೇಕರ್ ಬಾರ್ (ಬಿಗಿದ ನಟ್ಟು ಸಡಿಲಿಸುವ ಉದ್ದ ಹಿಡಿ) ತಗೊಳ್ಳಿ. ರ್‍ಯಾಚೆಟ್‌ಗೆ (ಒಂದೇ ದಿಕ್ಕಿಗೆ ತಿರುಗಿಸುವ ಹಲ್ಲುಚಕ್ರದ ಹಿಡಿಗೆ) ಪೈಪ್ ತೂರಿಸಿ ಎಳೆದರೆ ಒಳಗಿನ ಹಲ್ಲು ಮುರಿಯುತ್ತದೆ.

ಸ್ಪ್ರಿಂಗ್ ಪಟ್ಟಿಯ ಯು-ಬೋಲ್ಟ್ ಬಿಚ್ಚುವಾಗ ನಾನು ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡುತ್ತೇನೆ. ಬೆಳಿಗ್ಗೆ ವೈರ್ ಬ್ರಷ್‌ನಿಂದ ಥ್ರೆಡ್ ಉಜ್ಜಿ, ಆಮೇಲೇ ಪಾನಾ ಹಚ್ಚೋದು.

ಜ್ಯಾಕ್ ಇರೋದು ಎತ್ತೋಕೆ ಮಾತ್ರ. ಗಾಡಿ ಅಡಿಗೆ ನುಗ್ಗಬೇಕಾದರೆ ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಜ್ಯಾಕ್ ಸ್ಟ್ಯಾಂಡ್ ಬೇಕೇ ಬೇಕು, ಇದರಲ್ಲಿ ಚೌಕಾಶಿ ಬೇಡ. ಮಳೆಗಾಲದಲ್ಲಿ ಅಂಗಳದ ಮಣ್ಣು ಕುಸಿಯುತ್ತದೆ ಅಲ್ವಾ? ಸಿಮೆಂಟು ನೆಲದ ಮೇಲೇ ಗಾಡಿ ಎತ್ತಿ.